ಪಾರ್ಕಿನ ನಿರ್ವಹಣೆಗೆ ಟಾಂಗಾ ಕುದುರೆ: ಯಾವ ಕೆಲಸ ಆಗುತ್ತೆ, ಯಾವುದು ಆಗಲ್ಲ?

ಕೆರೆಏರಿ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪರವಾಗಿ ಕೇಳ್ತಿದ್ದೀನಿ. ಸಂಘದ ಸುಪರ್ದಿಯಲ್ಲಿ ಆರು ಎಕರೆ ಪಾರ್ಕಿದೆ, ಅದರ ಬೆನ್ನಿಗೆ ಕೆರೆಯಂಚಿನ ಮೂರು ಎಕರೆ ಪೊದೆ ನೆಲ. ಪಾರ್ಕಿನಲ್ಲಿ ಸುಮಾರು ಒಂದು ಎಕರೆ ಹುಲ್ಲುಹಾಸು, ಸುತ್ತಲೂ ಎರಡು ಮೀಟರ್ ಅಗಲದ ಗರಸು ದಾರಿ, ಇನ್ನೂ ಬೇರು ಬಿಡುತ್ತಿರುವ ಹೊಂಗೆ, ನೇರಳೆ, ಮತ್ತಿ ಸಸಿಗಳು. ಕೆರೆ ಕಡೆ ಲಂಟಾನ ತುಂಬಿಕೊಂಡಿದೆ.

ಈಗ ನೀರು, ಗೊಬ್ಬರ, ತರಗೆಲೆ ಎಲ್ಲಾ ಸಾಗಿಸೋದು ಪವರ್ ಟಿಲ್ಲರ್ ಟ್ರೇಲರಿನಲ್ಲಿ. ಮಳೆಗಾಲದಲ್ಲಿ ಅದು ದಾರಿಯ ಅಂಚನ್ನೆಲ್ಲಾ ಕೊರೆದುಹಾಕುತ್ತೆ, ಸದ್ದಿಗೆ ವಾಕಿಂಗ್ ಬರುವವರ ತಕರಾರು ಬೇರೆ. ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಶೈರ್ ಎಂಬ ಭಾರಿ ತಳಿಯ ಕುದುರೆಗಳಿಂದ ಹುಲ್ಲುಗಾವಲು, ಪೊದೆಗಳ ಕೆಲಸ ಮಾಡಿಸುತ್ತಾರೆ. ಇಲ್ಲಿ ಟಾಂಗಾ ಕುದುರೆಯೊಂದರ ಮಾಲೀಕರು ತಿಂಗಳ ಲೆಕ್ಕದಲ್ಲಿ ಬರಲು ತಯಾರಿದ್ದಾರೆ. ಗೊತ್ತಿರುವವರು ಹೇಳಿ: ಒಂದೇ ಕುದುರೆಯಿಂದ ಏನೇನು ಮಾಡಿಸಬಹುದು? ಟಾಂಗಾಕ್ಕೆ ಕಟ್ಟುವ ಪಟ್ಟಿಗಳೇ ಸಾಕಾ? ಹುಲ್ಲುಹಾಸಿನ ಮೇಲೆ ಬಿಡಬಹುದಾ? ಮೇವು, ಆರೋಗ್ಯದ ವಿಚಾರದಲ್ಲಿ ಸಂಘ ಏನು ನೋಡಿಕೊಳ್ಳಬೇಕು?

ಎಳೆತದಲೆಕ್ಕ ಉತ್ತರ:

ಶೈರ್ ಕುದುರೆಯನ್ನು ತಲೆಯಿಂದ ತೆಗೆದುಹಾಕಿ, ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಶೈರ್ ಒಂದು 900 ಕೆ.ಜಿ. ಆಸುಪಾಸು ತೂಗುತ್ತೆ. ನಮ್ಮ ಟಾಂಗಾ ಕುದುರೆ, ಅಂದರೆ ತಟ್ಟು, 250ರಿಂದ 320. ದಿನವಿಡೀ ದಣಿಯದೆ ಎಳೆಯಬಲ್ಲ ಬಲ ಮೈತೂಕದ ಹತ್ತರಲ್ಲಿ ಒಂದು ಪಾಲು. ಎರಡು ಶೈರ್ ಜೋಡಿಸಿದರೆ 180 ಕೆ.ಜಿ. ಎಳೆತ ಸಿಗುತ್ತೆ, ನಿಮ್ಮ ಒಂಟಿ ತಟ್ಟಿನಿಂದ 26–28. ಅವರು ಮಾಡಿಸುವ ಕೆಲಸದ ಪಟ್ಟಿಯನ್ನು ಹಾಗೇ ಎತ್ತಿಕೊಂಡು ಬಂದರೆ ಕುದುರೆ ಸಾಯುತ್ತೆ.

ಮೊದಲು ತೂಕ ಕಂಡುಹಿಡಿಯಿರಿ, ತೂಕದ ಸೇತುವೆಗೆ ಹೋಗಬೇಕಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ, ಭುಜದ ಮುಂಮೂಳೆಯಿಂದ ಪೃಷ್ಠದ ಹಿಂಮೂಳೆವರೆಗಿನ ಉದ್ದ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 140 ಇದ್ದರೆ 265 ಕೆ.ಜಿ. ಉಸಿರು ಹೊರಬಿಟ್ಟ ಹೊತ್ತಲ್ಲಿ ಟೇಪ್ ಓದಿ.

ಈಗ ಗಾಡಿ. ಎರಡು ಚಕ್ರದ, ಗಾಳಿ ಟಯರಿನ ಗಾಡಿ 180 ಕೆ.ಜಿ. ಅಂದುಕೊಳ್ಳಿ. ಇನ್ನೂರು ಲೀಟರಿನ ಎರಡು ಡ್ರಮ್ ನೀರು ಸೇರಿದರೆ ಒಟ್ಟು 600 ಮುಟ್ಟುತ್ತೆ. ಟಾರು ರಸ್ತೆಯಲ್ಲಿ ಆ ಭಾರದ ನೂರಕ್ಕೆ 2 ಪಾಲು ಎಳೆತ ಸಾಕು, ಅಂದರೆ 12 ಕೆ.ಜಿ. ಗಟ್ಟಿ ಗರಸಿನ ಮೇಲೆ ನೂರಕ್ಕೆ 4, ಅಂದರೆ 24. ಹುಲ್ಲಿನ ಮೇಲೆ 7–8, ಅಂದರೆ 45ರ ಹತ್ತಿರ. ನೆನೆದ ಮಣ್ಣಿನಲ್ಲಿ ಇದು 80 ದಾಟಬಹುದು. ಏರು ಇದ್ದರೆ ಪ್ರತಿ ನೂರು ಮೀಟರಿಗೆ ಒಂದು ಮೀಟರ್ ಏರಿಗೂ ಆರು ಕೆ.ಜಿ. ಸೇರಿಸಿ. ಹಾಗಾಗಿ ಗರಸು ದಾರಿಯಲ್ಲಿ ತುಂಬಿದ ಗಾಡಿ ಆಗುತ್ತೆ, ಅದೂ ಸಮತಟ್ಟಾಗಿದ್ದರೆ ಮಾತ್ರ. ಹುಲ್ಲಿಗೆ ಇಳಿಸಬೇಡಿ. ಗಾಡಿಯನ್ನು ದಾರಿಯಲ್ಲೇ ನಿಲ್ಲಿಸಿ, ಒಂದೂಕಾಲು ಇಂಚಿನ ಪೈಪಿನಿಂದ ಗಿಡಗಳ ಪಾತಿಗೆ ನೀರು ಬಿಡಿ. ಗಿಡಕ್ಕೆ ಇಪ್ಪತ್ತು ಲೀಟರಿನಂತೆ ಒಂದು ಸಲದ ನೀರು ಇಪ್ಪತ್ತು ಸಸಿಗೆ ಸಾಕು.

ಐನೂರು ಲೀಟರಿನ ಒಂದೇ ಸಿಂಟೆಕ್ಸ್ ಟ್ಯಾಂಕ್ ಕೂರಿಸುವ ಆಸೆ ಎಲ್ಲರಿಗೂ ಬರುತ್ತೆ. ಬೇಡ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ನೀರು ಹಿಂದೆ ಮುಂದೆ ಹೊಯ್ದಾಡಿ, ನಿಂತ ಕುದುರೆಯನ್ನು ಹಿಂದಿನಿಂದ ನೂಕುತ್ತೆ. ಏರಿನಲ್ಲಿ ಮೂಕಿಯನ್ನೇ, ಅಂದರೆ ಕುದುರೆ ಕಟ್ಟುವ ಗಾಡಿಯ ಮುಂಕೋಲನ್ನೇ, ಮೇಲೆತ್ತುತ್ತೆ. ಎರಡು ಡ್ರಮ್ ಇದ್ದರೆ ಎರಡನ್ನೂ ಸಮನಾಗಿ ಖಾಲಿ ಮಾಡುತ್ತಾ ಹೋಗಬಹುದು. ಡ್ರಮ್ಮುಗಳು ಅಚ್ಚಿನ ಮೇಲೆಯೇ ಕೂರಬೇಕು. ತುಂಬಿದ ಗಾಡಿಯ ಮೂಕಿ ತುದಿಯನ್ನು ಒಬ್ಬರು ಒಂದೇ ಕೈಯಲ್ಲಿ ಎತ್ತಬಲ್ಲಷ್ಟು, ಐದರಿಂದ ಹತ್ತು ಕೆ.ಜಿ., ಭಾರ ಕುದುರೆಯ ಬೆನ್ನಿಗೆ ಬರಲಿ. ಅದಕ್ಕಿಂತ ಜಾಸ್ತಿಯಾದರೆ ಬೆನ್ನುಹುಣ್ಣು. ಕಡಿಮೆಯಾಗಿ ಮೂಕಿ ಮೇಲೇಳುವಂತಿದ್ದರೆ ಹೊಟ್ಟೆಪಟ್ಟಿ ಕೊರೆಯುತ್ತೆ.

ನನ್ನ ಅಂಕಿಗಳನ್ನು ನಂಬಬೇಕಿಲ್ಲ, ನೀವೇ ಅಳೆಯಿರಿ. ಗುಜರಿಯವರು ಬಳಸುವ ಕೊಕ್ಕೆಯ ಡಿಜಿಟಲ್ ತಕ್ಕಡಿಯನ್ನು ಗಾಡಿಗೂ ಹಗ್ಗಕ್ಕೂ ನಡುವೆ ಸಿಕ್ಕಿಸಿ, ನಾಲ್ಕು ಜನ ನಡಿಗೆಯ ವೇಗದಲ್ಲಿ ಎಳೆದು ನೋಡಿ. ಹೊರಡುವಾಗ ಬರುವ ಜಿಗಿತದ ಅಂಕಿ ಬಿಡಿ, ಸಾಗುತ್ತಿರುವಾಗ ನಿಲ್ಲುವ ಅಂಕಿ ನೋಡಿ. ನಿಮ್ಮ ಪಾರ್ಕಿನ ದಾರಿಯ ಒಂದೊಂದು ತುಂಡಿಗೂ ಹೀಗೆ ಅಳೆದು ನಕ್ಷೆಯ ಮೇಲೆ ಬರೆದಿಟ್ಟರೆ ಜಗಳವೇ ಇರಲ್ಲ.

ಅಂದಹಾಗೆ, ಒಂದು ಅಶ್ವಶಕ್ತಿ ಅಂದರೆ 746 ವ್ಯಾಟ್. ಗಂಟೆಗೆ ನಾಲ್ಕು ಕಿ.ಮೀ. ನಡಿಗೆಯಲ್ಲಿ 26 ಕೆ.ಜಿ. ಎಳೆಯುವ ತಟ್ಟು ಕೊಡೋದು 280 ವ್ಯಾಟ್, ಅರ್ಧ ಅಶ್ವಶಕ್ತಿಯೂ ಅಲ್ಲ. ಪವರ್ ಟಿಲ್ಲರಿನ ಬದಲಿಗೆ ಕುದುರೆ ಅಂದುಕೊಂಡಿದ್ದರೆ ಯೋಜನೆ ಕೈಬಿಡಿ. ಟಿಲ್ಲರ್ ಹೋಗಬಾರದ ಕಡೆ, ಹೋಗಬಾರದ ಹೊತ್ತಲ್ಲಿ, ಸಣ್ಣ ಹೊರೆಗಳಿಗೆ ಕುದುರೆ ಅಂದುಕೊಂಡರೆ ಸರಿಹೋಗುತ್ತೆ.

ಲಾಳ_ಲಗಾಮು ಉತ್ತರ:

ಮೇಲಿನವರು ಹೇಳಿದ್ದು ಸರಿ. ಪಟ್ಟಿಗಳ ವಿಚಾರಕ್ಕೆ ಬರ್ತೀನಿ ಸರ್.

ಟಾಂಗಾದ ಎದೆಪಟ್ಟಿ ಚಕ್ರದ ಗಾಡಿಗೆ ಸಾಕು. ಕೊಂಬೆ, ದಿಮ್ಮಿ ನೆಲದ ಮೇಲೆ ಎಳೆಸಲಿಕ್ಕೆ ಸಾಲದು. ಕುದುರೆ ಎಳೆಯೋದು ಭುಜದಿಂದ, ಎತ್ತಿನ ಹಾಗೆ ಹಿಣಿಲಿನಿಂದ ಅಲ್ಲ. ನೊಗ ಕಟ್ಟಿ ನೋಡುವ ಬುದ್ಧಿ ಯಾರಿಗೂ ಬರದಿರಲಿ. ಎದೆಪಟ್ಟಿ ಭುಜದ ಮುಂಮೂಳೆಗಿಂತ ಸ್ವಲ್ಪ ಮೇಲೆ ಕೂರಬೇಕು. ಕೆಳಗಿದ್ದರೆ ಮುಂಗಾಲು ಚಾಚಲು ಬಿಡಲ್ಲ. ತೀರಾ ಮೇಲಿದ್ದರೆ ಗಂಟಲ ನಾಳ ಒತ್ತುತ್ತೆ, ಕುದುರೆ ಗೊರಗೊರ ಸದ್ದು ಮಾಡುತ್ತೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಿ. ಅಗಲ ಕನಿಷ್ಠ ಎಂಟು ಸೆಂಟಿಮೀಟರ್, ಒಳಗಡೆ ಉಣ್ಣೆಯ ನಮದಾ. ಈಗ ಸಿಗುವ ನೈಲಾನ್ ಪಟ್ಟಿಗಳ ಅಂಚು ಬೆವರಿನಲ್ಲಿ ಬ್ಲೇಡಿನಂತೆ ಕೊಯ್ಯುತ್ತೆ. ಸೈಕಲ್ ಟ್ಯೂಬ್ ಸುತ್ತಿ ಸರಿಮಾಡ್ತಾರೆ, ಅದು ಇನ್ನೂ ಕೆಟ್ಟದ್ದು, ಬೆವರು ಹೋಗಲು ಜಾಗವೇ ಇರಲ್ಲ.

ನೆಲದ ಮೇಲೆ ಎಳೆಸುವಾಗ ಎಳೆತದ ಕೋನ ಬದಲಾಗುತ್ತೆ. ಹೊರೆ ಕೆಳಗಿರುತ್ತೆ, ಹಗ್ಗ ಇಳಿಜಾರಾಗಿ ಬರುತ್ತೆ, ಎದೆಪಟ್ಟಿಯ ಬೆನ್ನಿನ ಮೇಲಿನ ತುಂಡು ಹೆಗಲನ್ನು ಕೊರೆಯುತ್ತೆ. ಅದಕ್ಕೆ ಕುತ್ತಿಗೆಗೆ ಹಾಕುವ ಹುಲ್ಲು ತುಂಬಿದ ಚರ್ಮದ ಕಾಲರ್ ಬೇಕು. ಕಾಲರಿನ ಕೆಳತುದಿಗೂ ಗಂಟಲಿಗೂ ನಡುವೆ ಅಂಗೈ ಅಗಲಕ್ಕೆ ಹೋಗುವಷ್ಟು ಜಾಗ, ಪಕ್ಕಕ್ಕೆ ಬೆರಳು ತೂರುವಷ್ಟು ಮಾತ್ರ. ಸಡಿಲ ಕಾಲರ್ ಬಿಗಿ ಕಾಲರಿಗಿಂತ ಹೆಚ್ಚು ಹುಣ್ಣು ಮಾಡುತ್ತೆ, ಉಜ್ಜಾಡುತ್ತಲ್ಲ. ಕುದುರೆ ಸೊರಗಿದರೆ ಅಥವಾ ಮೈತುಂಬಿಕೊಂಡರೆ ಅದೇ ಕಾಲರ್ ಆಗಲ್ಲ. ಎಳೆಪಟ್ಟಿ ಎರಡನ್ನೂ ನೇರವಾಗಿ ದಿಮ್ಮಿಗೆ ಕಟ್ಟಬೇಡಿ, ಹಿಂದೆ ಒಂದು ಅಡ್ಡಕೋಲು ಇರಲಿ, ನಡುವಿನ ಕೊಂಡಿಯಿಂದ ಒಂದೇ ಸರಪಳಿ ಹೋಗಲಿ. ಹೆಜ್ಜೆಹೆಜ್ಜೆಗೂ ಭುಜಗಳು ಒಂದಾದ ಮೇಲೊಂದು ಮುಂದೆ ಹೋಗ್ತವೆ, ಅಡ್ಡಕೋಲು ಅದರ ಜೊತೆ ತೂಗಿದರೆ ಪಟ್ಟಿ ಚರ್ಮದ ಮೇಲೆ ಜಾರಲ್ಲ.

ದಿಮ್ಮಿಯ ಅಳತೆ: ನೆಲದ ಮೇಲೆ ಎಳೆಯುವಾಗ ಹೊರೆಯ ಅರ್ಧದಷ್ಟು ಎಳೆತ ಬೇಕು. ಇಪ್ಪತ್ತು ಸೆಂ.ಮೀ. ದಪ್ಪ, ಎರಡು ಮೀಟರ್ ಉದ್ದದ ಹಸಿ ದಿಮ್ಮಿ ಅರವತ್ತು ಕೆ.ಜಿ. ತೂಗುತ್ತೆ, ಮೂವತ್ತು ಕೆ.ಜಿ. ಎಳೆತ. ತಟ್ಟಿಗೆ ಅದೇ ಮಿತಿ, ಐವತ್ತು ಹೆಜ್ಜೆಗೊಮ್ಮೆ ನಿಲ್ಲಿಸಬೇಕು. ಏಪ್ರಿಲ್-ಮೇ ಗಾಳಿಮಳೆಗೆ ಉರುಳುವ ಗುಲ್‌ಮೊಹರಿನ ಕೊಂಬೆ ಇದಕ್ಕೆ ಸರಿ. ಬುಡವನ್ನು ಬೇರೆಯವರೇ ನೋಡ್ಕೊಳ್ಳಲಿ. ದಿಮ್ಮಿಯ ಮುಂತುದಿಯನ್ನು ಸಣ್ಣ ತಗಡಿನ ಮೇಲೆ ಕೂರಿಸಿದರೆ ಮಣ್ಣು ಅಗೆಯುವುದು ತಪ್ಪುತ್ತೆ. ಎಳೆಯುವಾಗ ಯಾರೂ ಸರಪಳಿಗೂ ಮರಕ್ಕೂ ನಡುವೆ ನಿಲ್ಲಬಾರದು, ಕುದುರೆಯ ಹಿಂದೆಯೂ ನಡೆಯಬಾರದು. ಪಕ್ಕದಿಂದ, ದಿಮ್ಮಿಗಿಂತ ಹಿಂದೆ ಬನ್ನಿ.

ಕೆರೆ ಏರಿಯಿಂದ ಇಳಿಸುವುದಿದ್ದರೆ ತೊಡೆಯ ಹಿಂದೆ ಬರುವ ತಡೆಪಟ್ಟಿ ಕಡ್ಡಾಯ. ಊರೊಳಗೆ ಓಡುವ ಟಾಂಗಾಗಳಲ್ಲಿ ಎಷ್ಟೋ ಸಲ ಅದನ್ನು ಬಿಟ್ಟುಬಿಡ್ತಾರೆ. ಇಳಿಜಾರಲ್ಲಿ ಆರುನೂರು ಕೆ.ಜಿ. ಗಾಡಿಯನ್ನು ತಡೆಯಲು ಕುದುರೆಗೆ ಇನ್ನೇನೂ ಇರಲ್ಲ. ಗಾಡಿಗೂ ಕೈಬ್ರೇಕ್ ಹಾಕಿಸಿ.

ಲಾಳ ಐದಾರು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಸವರಿ ಮತ್ತೆ ಕಟ್ಟಬೇಕು, ಸವೆದಿಲ್ಲದಿದ್ದರೂ. ಟಾರಿಗೆ ಅಂತ ಹಿಮ್ಮಡಿಯಲ್ಲಿ ಉಬ್ಬು ಬಿಟ್ಟ ಲಾಳ ಪಾರ್ಕಿಗೆ ಬೇಡ, ಚಪ್ಪಟೆ ಲಾಳ ಕಟ್ಟಿಸಿ. ಮೈಸೂರಲ್ಲಿ ರೇಸ್ ಕೋರ್ಸ್, ಅಶ್ವಾರೋಹಿ ಪೊಲೀಸ್ ದಳ ಎರಡೂ ಇರೋದರಿಂದ ಲಾಳ ಕಟ್ಟುವವರಿಗೂ ಕುದುರೆ ನೋಡುವ ಡಾಕ್ಟರಿಗೂ ಬರವಿಲ್ಲ. ಈ ವಿಚಾರದಲ್ಲಿ ಬೇರೆ ಊರಿನವರಿಗಿಂತ ನಿಮ್ಮ ಪುಣ್ಯ ಗಟ್ಟಿ.

ಕಡೆಗೆ, ಮುಳ್ಳು ಇರುವ ಕಡಿವಾಣ ಕಂಡರೆ ಒಪ್ಪಂದವೇ ಬೇಡ. ಅದು ಕಾನೂನುಬಾಹಿರ ಕೂಡ.

ಸಕ್ಕರೆಸೀಮೆ (ಮಂಡ್ಯ) ಉತ್ತರ:

ಇಷ್ಟೆಲ್ಲಾ ತಲೆಬಿಸಿ ಯಾಕಣ್ಣ, ಒಂದು ಜೊತೆ ಹಳ್ಳಿಕಾರ್ ಎತ್ತು ತಂದ್ರೆ ಆಯ್ತಲ್ಲ? ಒಂದೊಂದು ಎತ್ತು ಮುನ್ನೂರೈವತ್ತು ಕೆ.ಜಿ. ಅಂದ್ರೂ ಜೊತೆಗೆ ಎಪ್ಪತ್ತು ಕೆ.ಜಿ. ಎಳೆತ ಸಲೀಸಾಗಿ ಸಿಗುತ್ತೆ. ಹುಲ್ಲಿನ ಮೇಲೂ ತುಂಬಿದ ಗಾಡಿ ಹೋಗುತ್ತೆ. ಸೀಳು ಗೊರಸು ಕೆಸರಲ್ಲಿ ಅಗಲವಾಗಿ ಬಿಚ್ಕೊಂಡು ಹಿಡಿತ ಕೊಡುತ್ತೆ, ಎತ್ತುವಾಗ ಮುಚ್ಕೊಂಡು ಸಲೀಸಾಗಿ ಹೊರಗೆ ಬರುತ್ತೆ. ಕುದುರೆ ಗೊರಸು ಕೆಸರಲ್ಲಿ ಹೀರಿಕೊಂಡು ಕೂರುತ್ತೆ. ರಾಗಿ ಹುಲ್ಲು ಹಾಕಿದ್ರೆ ಎತ್ತು ಬದುಕುತ್ತೆ, ದುಡಿಯೋ ಕುದುರೆಗೆ ಬರೀ ಆ ಒಣಹುಲ್ಲು ಸಾಲಲ್ಲ. ನೊಗ, ಕಣ್ಣಿ, ಮಿಣಿ ಎಲ್ಲಾ ಊರಲ್ಲೇ ಸಿಗುತ್ತೆ, ಕಾಲರ್ ಹುಡುಕ್ಕೊಂಡು ಅಲೆಯೋದು ತಪ್ಪುತ್ತೆ.

ಒಂದೇ ತೊಂದರೆ, ಮರಗಳ ನಡುವೆ ತಿರುಗಿಸೋದು. ಜೋಡೆತ್ತಿಗೆ ಮೂಕಿ ಸಮೇತ ತಿರುಗಲು ಕಮ್ಮಿ ಅಂದ್ರೂ ಏಳೆಂಟು ಮೀಟರ್ ಬೇಕು. ಎರಡು ಮೀಟರ್ ದಾರಿಯಲ್ಲಿ ಎದುರಿಗೆ ಜನ ಬಂದ್ರೆ ಎಲ್ಲಿಗೆ ಸರಿಸ್ತೀರಿ? ಅಲ್ಲಿ ಒಂಟಿ ಕುದುರೆನೇ ಗೆಲ್ಲೋದು, ಒಪ್ಕೋತೀನಿ. ಕೆರೆ ಕಡೆ ಮೂರು ಎಕರೆಗೆ ಮಾತ್ರ ವರ್ಷಕ್ಕೆರಡು ಸಲ ಎತ್ತು ಬಾಡಿಗೆಗೆ ತನ್ನಿ, ಹಲುಬೆ ಹೊಡಿಸೋದು, ಬುಡ ಎಳೆಸೋದು ಆ ವಾರದಲ್ಲೇ ಮುಗಿಸಿ.

ಹುಲ್ಲುಹಾಸು ಉತ್ತರ:

ತೋಟಗಾರಿಕೆ ಕಡೆಯಿಂದ ಎರಡು ವಿಷಯ.

ಒಂದು, ಲಂಟಾನ. ಲಂಡನ್ನಿನಲ್ಲಿ ಕುದುರೆಗಳು ಉರುಳೆ ಎಳೆದು ಜಜ್ಜುವುದು ಬ್ರ್ಯಾಕನ್ ಎಂಬ ಜರಿಗಿಡವನ್ನು. ಅದರ ಕಾಂಡ ಎಳಸು, ಮೇಲೆ ಜಜ್ಜಿದರೆ ರಸ ಸೋರಿ ನೆಲದೊಳಗಿನ ಗೆಡ್ಡೆಕಾಂಡ ಬಡವಾಗುತ್ತದೆ; ಬೇಸಿಗೆಯಲ್ಲಿ ಎರಡು ಸಲ, ಕೆಲವು ವರ್ಷ ಬಿಡದೆ ಮಾಡಿದರೆ ಫಲ. ಲಂಟಾನದ ಕಾಂಡ ಕಟ್ಟಿಗೆ. ಉರುಳೆ ಹಾಯಿಸಿದರೆ ಮುರಿದ ಕಡೆಯಲ್ಲೆಲ್ಲಾ ಚಿಗುರು ಒಡೆದು ಪೊದೆ ಇಮ್ಮಡಿಯಾಗುತ್ತದೆ. ಬ್ರಷ್ ಕಟರಿನಿಂದ ಕತ್ತರಿಸಿದರೂ ಇದೇ ಕಥೆ. ಆಗುವ ವಿಧಾನ ಇದು: ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ ಮೂರರಿಂದ ಐದು ಸೆಂ.ಮೀ. ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿಯಬೇಕು, ಪೊದೆಯನ್ನು ಬೇರು ಮೇಲಾಗಿ ತಿರುಗಿಸಿ ಒಣಗಲು ಬಿಡಬೇಕು. ಕಾಂಡ ನೆಲಕ್ಕೆ ತಾಗಿದ ಕಡೆ ಮತ್ತೆ ಬೇರು ಬಿಡುತ್ತದೆ, ಅದಕ್ಕೇ ತಲೆಕೆಳಗು. ಇದು ಪೂರ್ತಿ ಮನುಷ್ಯರ ಕೆಲಸ. ಕುದುರೆಯ ಸರದಿ ಬರುವುದು ಆಮೇಲೆ: ಒಣಗಿ ಹಗುರವಾದ ಪೊದೆಗಳನ್ನು ಸರಪಳಿ ಸುತ್ತಿ ಒಂದೆಡೆ ಎಳೆದು ರಾಶಿ ಹಾಕಲು. ಕಾಯಿ ಬಿಟ್ಟಿರುವಾಗ ಎಳೆಸಿದರೆ ದಾರಿಯುದ್ದಕ್ಕೂ ಬೀಜ ಬಿತ್ತಿದಂತೆ, ಹೂ ಬಿಡುವ ಮೊದಲೇ ಮುಗಿಸಿ. ಖಾಲಿಯಾದ ನೆಲಕ್ಕೆ ಆ ಮಳೆಗಾಲದಲ್ಲೇ ಹುಲ್ಲು ಬರದಿದ್ದರೆ ಪಾರ್ಥೇನಿಯಂ ಬರುತ್ತದೆ.

ಎರಡು, ಹುಲ್ಲುಹಾಸು. ಕುದುರೆ ಮಣ್ಣನ್ನು ಒತ್ತುವುದಿಲ್ಲ ಎಂಬುದು ಅರ್ಧ ಸತ್ಯ. 265 ಕೆ.ಜಿ. ತಟ್ಟಿನ ಗೊರಸು ಹನ್ನೊಂದು ಸೆಂ.ಮೀ. ಅಗಲ ಎಂದರೆ, ನಾಲ್ಕೂ ಕಾಲಿನ ಮೇಲೆ ನಿಂತಾಗಲೇ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋ ಸಮೀಪ ಒತ್ತಡ. ನಡೆಯುವಾಗ ಎರಡು ಮೂರು ಕಾಲಿನ ಮೇಲೆ ಭಾರ ಬಿದ್ದು ಅದು ಒಂದು ಕಿಲೋ ದಾಟುತ್ತದೆ. ಸಣ್ಣ ಟ್ರ್ಯಾಕ್ಟರಿನ ಟಯರಿನಷ್ಟೇ ಆಯಿತು. ವ್ಯತ್ಯಾಸ ಏನೆಂದರೆ ಗೊರಸಿನ ಗುರುತು ಅಲ್ಲೊಂದು ಇಲ್ಲೊಂದು, ನಡುವಿನ ಮಣ್ಣು ಹಾಗೇ ಉಳಿಯುತ್ತದೆ; ಚಕ್ರ ಮಾತ್ರ ಉದ್ದಕ್ಕೂ ಗೆರೆ ಎಳೆದು ನೀರು ಹರಿಯುವ ಕಾಲುವೆ ಮಾಡುತ್ತದೆ. ಕೆಂಪು ಮಣ್ಣಿನಲ್ಲಿ ಆ ಗೆರೆಯೇ ಒಂದು ಮಳೆಗಾಲ ಕಳೆಯುವುದರೊಳಗೆ ಕೊರಕಲು. ನಿಮ್ಮ ದಾರಿಯ ಅಂಚಿಗೆ ಆಗಿರುವುದು ಇದೇ.

ಆದ್ದರಿಂದ ಹುಲ್ಲುಹಾಸಿಗೆ ಕುದುರೆ ಇಳಿಸುವ ಮೊದಲು ಒಂದು ಹಿಡಿ ಮಣ್ಣು ತೆಗೆದು ಹಿಸುಕಿ. ಉಂಡೆ ಕಟ್ಟಿ ಬೆರಳಿಗೆ ಅಂಟಿದರೆ ಆ ದಿನ ಬೇಡ. ಸ್ಪ್ರಿಂಕ್ಲರ್ ಹಾಕಿದ ಮೇಲೆ ಒಂದು ದಿನ, ಜೋರು ಮಳೆಯಾದರೆ ಎರಡು ದಿನ ಬಿಡಿ. ಗೊರಸಿನ ಗುರುತು ಒಂದು ಸೆಂ.ಮೀ.ಗಿಂತ ಆಳ ಬಿದ್ದ ಕೂಡಲೇ ಹೊರಗೆ ಕರೆದೊಯ್ಯಿರಿ.

ಹುಲ್ಲು ಕತ್ತರಿಸುವ ಯಂತ್ರವನ್ನು ಕುದುರೆಯಿಂದ ಎಳೆಸುವುದಕ್ಕೆ ಹಳೆಯ ಇತಿಹಾಸವಿದೆ. ಎಡ್ವಿನ್ ಬಡ್ಡಿಂಗ್ 1830ರಲ್ಲಿ ಇಂಗ್ಲೆಂಡಿನಲ್ಲಿ ಕೈಯಂತ್ರ ಮಾಡಿದ. 1842ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ ತಟ್ಟು ಎಳೆಯುವ 27 ಇಂಚಿನ ಯಂತ್ರ ತಂದ. ಆಗ ಗೊರಸಿನ ಗುರುತು ಬೀಳದಿರಲೆಂದು ಕುದುರೆಗೆ ಚರ್ಮದ ಬೂಟು ತೊಡಿಸುತ್ತಿದ್ದರು. ಈಗಲೂ ಮಾಡಿಸಬಹುದು: ಗೊರಸಿಗಿಂತ ಸುತ್ತ ಎರಡು ಸೆಂ.ಮೀ. ದೊಡ್ಡದಾದ ದಪ್ಪ ಚರ್ಮದ ಅಡಿ, ಮೇಲೆ ಮೆತ್ತಗಿನ ಚರ್ಮ, ಗೊರಸಿನ ಮೇಲ್ಭಾಗಕ್ಕೆ ಬರುವ ಬಕಲ್ ಪಟ್ಟಿ. ಎರಡು ಗಂಟೆಗಿಂತ ಹೆಚ್ಚು ಹೊತ್ತು ತೊಡಿಸಿದರೆ ಪಟ್ಟಿ ಕೂರುವ ಜಾಗ ಕೆಂಪಾಗುತ್ತದೆ. ಆದರೆ ಒಂದು ಎಕರೆ ಹುಲ್ಲಿಗೆ ಇಷ್ಟೆಲ್ಲಾ ಏಕೆ? ಕತ್ತರಿಸಲು ಈಗಿನ ಮೋವರ್ ಇರಲಿ. ಕತ್ತರಿಸಿದ ಹುಲ್ಲನ್ನು ಹೊರಗೆ ಸಾಗಿಸಲು ಕುದುರೆ ದಾರಿಯಲ್ಲಿ ಕಾಯಲಿ.

ಕುದುರೆ ಬರುವ ಮೊದಲೇ ಮಾಡಬೇಕಾದ್ದು: ಹುಲ್ಲಿನಲ್ಲಿ ಹುದುಗಿರುವ ಸ್ಪ್ರಿಂಕ್ಲರ್ ತಲೆಗಳಿಗೆ, ಡ್ರಿಪ್ ಪೈಪಿಗೆ ಬಾವುಟ ನೆಡಿ. ವಾಲ್ವ್ ಪೆಟ್ಟಿಗೆಗಳ ಪ್ಲಾಸ್ಟಿಕ್ ಮುಚ್ಚಳ ತೆಗೆದು ಕಾಂಕ್ರೀಟ್ ಚಪ್ಪಡಿ ಹಾಕಿಸಿ. ಪ್ಲಾಸ್ಟಿಕ್ ಮುಚ್ಚಳ ಮುರಿದು ಕಾಲು ಒಳಗೆ ಹೋದರೆ ಕುದುರೆಯ ಕಥೆ ಅಲ್ಲಿಗೆ ಮುಗಿಯುತ್ತದೆ.

ಪಶುವೈದ್ಯೆ ಉತ್ತರ:

ಕಾನೂನಿನಿಂದ ಶುರು ಮಾಡುತ್ತೇನೆ, ಸಂಘದ ಮೇಲೆ ಹೊಣೆ ಬರುವುದು ಅಲ್ಲೇ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆ 1965ರ ಕೇಂದ್ರ ನಿಯಮಗಳಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ವಿಶ್ರಾಂತಿಯಿಲ್ಲದೆ ಸತತವಾಗಿ ಐದು ಗಂಟೆ ಮೀರಬಾರದು. ತಾಪ 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಇಲ್ಲ. ತಟ್ಟು ಎಳೆಯುವ ಎರಡು ಚಕ್ರದ ಗಾಡಿಗೆ ಗಾಳಿ ಟಯರಿದ್ದರೆ 600 ಕೆ.ಜಿ., ಇಲ್ಲದಿದ್ದರೆ 400 ಮಿತಿ. ಗಾಡಿಯ ತೂಕವನ್ನೂ ಸೇರಿಸಿಯೇ ಈ ಮಿತಿಯೊಳಗೆ ಇಟ್ಟುಕೊಳ್ಳುವುದು ಕ್ಷೇಮ. ನಿಯಮ ಒಂಬತ್ತು ಗಂಟೆ ಎಂದರೂ ಪಾರ್ಕಿನ ಕೆಲಸಕ್ಕೆ ನಾಲ್ಕು ಗಂಟೆ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಮೈಸೂರಲ್ಲಿ ಸೆಖೆಗಿಂತ ತೇವ ಹೆಚ್ಚು ಕಾಡುತ್ತದೆ. ತಾಪವನ್ನು ಫ್ಯಾರನ್‌ಹೀಟಿನಲ್ಲಿ ತೆಗೆದುಕೊಂಡು ಗಾಳಿಯ ಶೇಕಡಾ ತೇವಾಂಶ ಕೂಡಿಸಿ. ಮೊತ್ತ 130ರ ಒಳಗಿದ್ದರೆ ಚಿಂತೆಯಿಲ್ಲ, 150 ದಾಟಿದರೆ ನಿಧಾನ, 180 ದಾಟಿದರೆ ಕೆಲಸ ನಿಲ್ಲಿಸಿ. ಏಪ್ರಿಲ್‌ನಲ್ಲಿ 34 ಡಿಗ್ರಿ ಸೆಲ್ಸಿಯಸ್, ಅಂದರೆ 93 ಫ್ಯಾರನ್‌ಹೀಟ್, ತೇವ 40 ಎಂದರೆ 133. ಜೂನ್‌ನಲ್ಲಿ 28 ಡಿಗ್ರಿ, ಅಂದರೆ 82, ತೇವ 75 ಎಂದರೆ 157. ತಂಪಾಗಿದೆಯಲ್ಲ ಎಂದು ಮಳೆಗಾಲದಲ್ಲೇ ಹೆಚ್ಚು ದುಡಿಸುತ್ತಾರೆ, ಬೆವರು ಆರದೆ ಕುದುರೆ ಬಳಲುವುದು ಆಗಲೇ. ಕೆಲಸ ನಿಲ್ಲಿಸಿ ಹದಿನೈದು ನಿಮಿಷದಲ್ಲಿ ನಾಡಿ ಅರವತ್ತಕ್ಕಿಂತ ಕೆಳಗಿಳಿಯಬೇಕು. ದವಡೆಯ ಒಳಅಂಚಿನಲ್ಲಿ ಬೆರಳಿಟ್ಟರೆ ಸಿಗುತ್ತದೆ. ಇಳಿಯದಿದ್ದರೆ ಮೈಗೆ ನೀರು ಸುರಿಯುತ್ತಲೇ ಇರಿ, ಆ ದಿನ ಮತ್ತೆ ಗಾಡಿಗೆ ಕಟ್ಟಬೇಡಿ. ಕುಡಿಯಲು ದಿನಕ್ಕೆ ಇಪ್ಪತ್ತೈದು ಲೀಟರಿಗೆ ಕಡಿಮೆಯಿಲ್ಲದಂತೆ ನೀರು, ಬೆವರುವ ದಿನಗಳಲ್ಲಿ ಮೇವಿನಲ್ಲಿ ಮೂವತ್ತು ಗ್ರಾಂ ಉಪ್ಪು.

ಮೇವು. 265 ಕೆ.ಜಿ. ಪ್ರಾಣಿಗೆ ದಿನಕ್ಕೆ ಒಣ ಲೆಕ್ಕದಲ್ಲಿ ಐದೂಕಾಲು ಕೆ.ಜಿ. ಬೇಕು, ಅದರಲ್ಲಿ ನಾಲ್ಕಾದರೂ ಹುಲ್ಲೇ ಆಗಿರಲಿ. ಉಳಿದದ್ದು ಬೇಯಿಸಿದ ಹುರುಳಿ ಅರ್ಧ ಕೆ.ಜಿ., ಸ್ವಲ್ಪ ಓಟ್ಸ್. ಇಲ್ಲಿನ ದೊಡ್ಡ ತಪ್ಪು ಗೋಧಿ ಬೂಸಾವನ್ನು ತುಂಬಿ ತುಂಬಿ ಹಾಕುವುದು. ಬೂಸಾದಲ್ಲಿ ರಂಜಕ (ಫಾಸ್ಫರಸ್) ವಿಪರೀತ, ಸುಣ್ಣ (ಕ್ಯಾಲ್ಸಿಯಂ) ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಹಸಿರು ಮೇವು ಎಂದರೆ ನೇಪಿಯರ್, ಗಿನಿ ಹುಲ್ಲು, ಕಬ್ಬಿನ ಸೋಗೆ. ಇವುಗಳಲ್ಲಿನ ಆಕ್ಸಲೇಟ್ ಎಂಬ ಅಂಶ, ಇರುವಷ್ಟು ಸುಣ್ಣವನ್ನೂ ಕಟ್ಟಿಹಾಕುತ್ತದೆ. ದನಕ್ಕೆ ಮೊದಲ ಹೊಟ್ಟೆಯಲ್ಲಿ ಆಕ್ಸಲೇಟ್ ಒಡೆಯುತ್ತದೆ, ಕುದುರೆಗೆ ಆ ಅನುಕೂಲ ಇಲ್ಲ. ತಿಂಗಳುಗಟ್ಟಲೆ ಹೀಗಾದರೆ ದೇಹ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ: ಒಂದು ಕಾಲಿನಿಂದ ಇನ್ನೊಂದಕ್ಕೆ ಜಾಗ ಬದಲಿಸುವ ಕುಂಟು, ಸೆಟೆದ ನಡಿಗೆ, ಕೊನೆಗೆ ಕಣ್ಣಿನ ಕೆಳಗೆ ಮುಖದ ಎರಡೂ ಬದಿಯ ಮೂಳೆ ಊದಿಕೊಳ್ಳುತ್ತದೆ. ಪರಿಹಾರ ಸುಲಭ. ಬೂಸಾ ದಿನಕ್ಕೆ ಒಂದು ಹಿಡಿಗೆ ಇಳಿಸಿ, ಕುದುರೆ ಮೆಂತ್ಯ (ಲೂಸರ್ನ್) ಸೊಪ್ಪು ಒಂದೆರಡು ಕೆ.ಜಿ. ಕೊಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿ ಬೆರೆಸಿ. ಎಲೆಗೆ ಹಚ್ಚುವ ಸುಣ್ಣ ಅಲ್ಲ!

ಮೋವರಿನಿಂದ ಬಂದ ಹಸಿ ಹುಲ್ಲಿನ ಪುಡಿಯನ್ನು ಕುದುರೆಗೆ ಹಾಕಲೇಬೇಡಿ. ಅಗಿಯದೆ ನುಂಗುತ್ತದೆ, ಚೀಲದಲ್ಲೇ ಬಿಸಿಯಾಗಿ ಹುಳಿಯುವ ಹುಲ್ಲದು, ಹೊಟ್ಟೆಶೂಲೆ ಖಂಡಿತ.

ಪಾರ್ಕಿನ ಗಿಡಗಳನ್ನು ಒಮ್ಮೆ ನೋಡಿಕೊಂಡು ಬನ್ನಿ. ಕಣಗಿಲೆ ನಮ್ಮ ಎಲ್ಲ ಪಾರ್ಕುಗಳಲ್ಲೂ ಇದೆ, ಅದರ ಒಂದು ಹಿಡಿ ಎಲೆ ಕುದುರೆಯ ಹೃದಯ ನಿಲ್ಲಿಸಲು ಸಾಕು. ಒಣಗಿದರೂ ವಿಷ ಹೋಗುವುದಿಲ್ಲ. ಕತ್ತರಿಸಿದ ಕಣಗಿಲೆ ಬೇರೆ ಕೊಂಬೆಗಳ ಜೊತೆ ಗಾಡಿಗೆ ಬರಬಾರದು. ಹಳದಿ ಕಣಗಿಲೆ, ಹರಳು, ಬೆಣ್ಣೆಹಣ್ಣಿನ ಎಲೆ, ಲಂಟಾನ ಇವೂ ವಿಷವೇ.

ರೋಗಗಳಲ್ಲಿ ಮೊದಲನೆಯದು ಗ್ಲ್ಯಾಂಡರ್ಸ್. ಮನುಷ್ಯರಿಗೂ ಹರಡುತ್ತದೆ, ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳುವ ಅವಕಾಶ ಇಲ್ಲ, ಸೋಂಕು ಖಚಿತವಾದ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ. ಒಪ್ಪಂದಕ್ಕೆ ಮುಂಚೆ ಪಶುಪಾಲನಾ ಇಲಾಖೆಯ ಮೂಲಕ ರಕ್ತ ಪರೀಕ್ಷೆಯ ವರದಿ ಕೇಳಿ. ಕೆರೆ ಬದಿಯಲ್ಲಿ ಕಚ್ಚುವ ದೊಡ್ಡ ನೊಣಗಳು ಸರ್ರಾ ರೋಗ ಹರಡುತ್ತವೆ. ಬಂದು ಹೋಗುವ ಜ್ವರ, ಹೊಟ್ಟೆಯ ಕೆಳಗೆ ಊತ, ತಿಂದರೂ ಸೊರಗುವುದು ಕಂಡರೆ ತಡಮಾಡಬೇಡಿ. ಕುದುರೆಗೆ ಧನುರ್ವಾಯು, ರೇಬೀಸ್ ಲಸಿಕೆ ಇರಲಿ. ಲದ್ದಿ ಮುಟ್ಟುವ ನಿಮ್ಮ ಮಾಲಿಗಳಿಗೂ ಧನುರ್ವಾಯು ಚುಚ್ಚುಮದ್ದು ಹಾಕಿಸಿ, ಅದರ ಬೀಜಕಣ ಲದ್ದಿಯಲ್ಲೇ ಇರುತ್ತದೆ.

ಹುಲ್ಲುಹಾಸು ಸೇರಿಸಿದ್ದು:

ಲದ್ದಿ ಅಂದರೆ ನೆನಪಾಯಿತು. ದಿನಕ್ಕೆ ಹತ್ತು ಹನ್ನೆರಡು ಕೆ.ಜಿ. ಬರುತ್ತದೆ, ಹಸಿಯಾಗಿ ಪಾತಿಗೆ ಹಾಕಬೇಡಿ. ಹುಲ್ಲಿನ ಬೀಜ ಕುದುರೆಯ ಹೊಟ್ಟೆ ದಾಟಿಯೂ ಮೊಳೆಯುತ್ತದೆ, ಪಾತಿಯೆಲ್ಲಾ ಕಳೆ. ತರಗೆಲೆ ಜೊತೆ ಪದರ ಪದರವಾಗಿ ಒಂದು ಮೀಟರಿಗೂ ಎತ್ತರ ರಾಶಿ ಹಾಕಿ ತೇವ ಇಟ್ಟರೆ ಒಳಗೆ 55–65 ಡಿಗ್ರಿ ಏರುತ್ತದೆ, ಬೀಜವೂ ಹುಳುವಿನ ಮೊಟ್ಟೆಯೂ ಸಾಯುತ್ತವೆ. ಹೊರಗಿನದು ಒಳಗೆ ಬರುವಂತೆ ಮಗುಚುತ್ತಿರಿ, ಮೂರು ತಿಂಗಳಿಗೆ ಗೊಬ್ಬರ. ಜಂತಿನ ಔಷಧಿ ಕೊಟ್ಟ ವಾರದ ಲದ್ದಿ ಬೇರೆ ಇಡಿ, ಸಗಣಿ ಹುಳುಗಳಿಗೆ ಅದು ಆಗುವುದಿಲ್ಲ. ದಾರಿಯಲ್ಲಿ ಬೀಳದಂತೆ ಗಾಡಿಗೆ ಲದ್ದಿ ಚೀಲ ಕಟ್ಟಿಸಿ. ವಾಕಿಂಗ್‌ನವರ ಮೊದಲ ದೂರು ಅದೇ ಆಗಿರುತ್ತದೆ.

ಕೆರೆಏರಿ:

ಎಲ್ಲರಿಗೂ ತುಂಬಾ ಧನ್ಯವಾದ. ಹಾಗಾದರೆ ಕುದುರೆಗೆ ನೀರು, ತರಗೆಲೆ, ಗೊಬ್ಬರ, ಸಣ್ಣ ಕೊಂಬೆ. ಲಂಟಾನದ ಬೇರು ಕಡಿಯಲು ಆಳುಗಳು, ಕೆರೆ ಕಡೆಯ ದೊಡ್ಡ ಎಳೆತಕ್ಕೆ ಮಂಡ್ಯದ ಎತ್ತು. ಹುಲ್ಲಿಗೆ ಮೋವರ್ ಅಂತ ಸಂಘದ ಮುಂದಿಡ್ತೀನಿ. ಇನ್ನೆರಡು ಸಂಶಯ. ಮಾಲೀಕರ ಜೊತೆ ಟ್ರಿಪ್ಪಿಗಿಷ್ಟು ಅಂತ ಮಾತಾಡೋದಾ, ತಿಂಗಳಿಗಾ? ಕೆಲಸದ ನಡುವೆ ಕುದುರೆಯನ್ನು ಎಲ್ಲಿ, ಹೇಗೆ ಕಟ್ಟಬೇಕು?

ಲಾಳ_ಲಗಾಮು ಉತ್ತರ:

ಟ್ರಿಪ್ ಲೆಕ್ಕ ಬೇಡವೇ ಬೇಡ ಸರ್. ಟ್ರಿಪ್ಪಿಗೆ ದುಡ್ಡು ಅಂದ ಕೂಡಲೇ ಮೂರನೇ ಡ್ರಮ್ ಗಾಡಿ ಹತ್ತುತ್ತೆ. ಕುದುರೆ ವರ್ಷದ 365 ದಿನವೂ ತಿನ್ನುತ್ತೆ, ಕೆಲಸ ಇರೋದು ಅದರಲ್ಲಿ ಅರ್ಧ ದಿನ. ಮೇವು, ಲಾಳ, ಔಷಧಿ, ಮಾಲೀಕರ ಕೂಲಿ, ಪಟ್ಟಿ-ಗಾಡಿಯ ಸವೆತ ಎಲ್ಲಾ ವರ್ಷಕ್ಕೆ ಕೂಡಿಸಿ ಹನ್ನೆರಡರಿಂದ ಭಾಗಿಸಿ. ದಸರಾ ಹೊತ್ತಲ್ಲಿ ಟಾಂಗಾದವರಿಗೆ ಸವಾರಿಯಿಂದಲೇ ದುಡಿಮೆ, ಆ ಹದಿನೈದು ದಿನ ಕುದುರೆ ಪಾರ್ಕಿಗೆ ಬರಲ್ಲ ಅಂತ ಮೊದಲೇ ಬರೆದುಕೊಳ್ಳಿ. ಆದರೆ ರಾತ್ರಿ ಸವಾರಿ ಮಾಡಿ ಬೆಳಿಗ್ಗೆ ನಿಮ್ಮ ಗಾಡಿಗೆ ಕಟ್ಟುವುದಕ್ಕೆ ಒಪ್ಪಬೇಡಿ. ಮೂರನೆಯವರಿಗೆ ಪೆಟ್ಟಾದರೆ ಅಂತ ವಿಮೆ ಸಂಘದ ಹೆಸರಿನಲ್ಲೇ ಇರಲಿ. ಬ್ರಷ್ ಕಟರ್ ಓಡುವ ದಿನ ಕುದುರೆಯನ್ನು ಅದರಿಂದ ದೂರದ ಮೂಲೆಗೆ ಹಾಕಿ. ಸದ್ದು ಅಭ್ಯಾಸ ಮಾಡಿಸುವುದಾದರೆ ಗಾಡಿ ಕಟ್ಟದೆ, ದಿನಕ್ಕೊಂದಿಷ್ಟು ಹತ್ತಿರ ಕರೆದೊಯ್ದು ಮಾಡಿಸಬೇಕು.

ಕಟ್ಟುವುದು: ಗಾಡಿ ಸಮೇತ ಎಂದೂ ಕಟ್ಟಬೇಡಿ, ಮೊದಲು ಬಿಚ್ಚಿ. ಲಗಾಮಿನಿಂದ ಕಟ್ಟಬೇಡಿ, ಬೆದರಿ ಎಳೆದರೆ ನಾಲಿಗೆ ಕತ್ತರಿಸುತ್ತೆ. ತಲೆಗೆ ಬೇರೆ ಮುಖಹಗ್ಗ ಇರಲಿ. ಗಟ್ಟಿ ಕಂಬಕ್ಕೆ ಕುದುರೆಯ ಹೆಗಲಿನ ಎತ್ತರದಲ್ಲಿ, ಮೊಳಕ್ಕಿಂತ ಸ್ವಲ್ಪ ಜಾಸ್ತಿ ಹಗ್ಗ ಬಿಟ್ಟು. ಉದ್ದ ಬಿಟ್ಟರೆ ಕಾಲು ಹಗ್ಗ ದಾಟುತ್ತೆ. ಕಂಬಕ್ಕೆ ಒಂದು ಸುತ್ತು ಸೆಣಬಿನ ದಾರ ಕಟ್ಟಿ ಹಗ್ಗವನ್ನು ಆ ದಾರಕ್ಕೆ ಬಿಗಿಯಿರಿ, ಕುದುರೆ ಕುಸಿದು ಬಿದ್ದರೆ ದಾರ ಹರಿಯಲಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಮಳೆಮರದ ನೆರಳು ಒಳ್ಳೇದು, ಮಧ್ಯಾಹ್ನ ನೆರಳು ಎತ್ತ ಸರಿಯುತ್ತೆ ನೋಡಿ ಕಂಬ ನೆಡಿ, ಮೂತಿ ಚಾಚಿದರೂ ಕಣಗಿಲೆ ಸಿಗದಷ್ಟು ದೂರದಲ್ಲಿ.